ಕೀಲಿಕೈ ಹಿಡಿದವನೂ ಮನೆಯವರೂ

2025ರ ಏಪ್ರಿಲ್ 21, ಪಾಸ್ಕ ಹಬ್ಬದ ಮರುದಿನ, ಪೋಪ್ ಫ್ರಾನ್ಸಿಸ್ ತೀರಿಕೊಂಡರು. ಮೇ 8ರ ಸಂಜೆ ಹದಿನಾಲ್ಕನೆಯ ಲಿಯೋ ಆಯ್ಕೆಯಾದರು. ನಡುವಿನ ದಿನಗಳಲ್ಲಿ ಬಲಿಪೂಜೆಗೆ ಹೋದವರು ಒಂದು ಸಣ್ಣ ವ್ಯತ್ಯಾಸವನ್ನು ಗಮನಿಸಿರಬಹುದು. ಪರಮಪ್ರಸಾದದ ಮಹಾಪ್ರಾರ್ಥನೆಯ ನಡುವೆ ಗುರುಗಳು ಮೊದಲು ಪೋಪರ ಹೆಸರನ್ನೂ ಆಮೇಲೆ ಸ್ಥಳೀಯ ಧರ್ಮಾಧ್ಯಕ್ಷರ ಹೆಸರನ್ನೂ ಹೇಳುವುದು ವಾಡಿಕೆ. ಆಗ ಮೊದಲ ಹೆಸರು ಇರಲಿಲ್ಲ. ಬಾಯಿಪಾಠವಾದ ಸಾಲಿನಲ್ಲಿ ಒಂದು ಮೆಟ್ಟಿಲು ಕಾಣೆಯಾದಂತೆ ಪ್ರಾರ್ಥನೆ ನೇರವಾಗಿ ಎರಡನೆಯ ಹೆಸರಿಗೆ ದಾಟುತ್ತಿತ್ತು. ಆದರೂ ಪೂಜೆ ನಡೆಯಿತು. ಮಕ್ಕಳ ತಲೆಯ ಮೇಲೆ ದೀಕ್ಷಾಸ್ನಾನದ ನೀರು ಬಿತ್ತು, ಸತ್ತವರನ್ನು ಪ್ರಾರ್ಥನೆಯೊಂದಿಗೆ ಮಣ್ಣು ಮಾಡಿದರು. ಪೋಪರಿಲ್ಲದ ಆ ಹದಿನೇಳು ದಿನವೂ ಧರ್ಮಸಭೆ ಧರ್ಮಸಭೆಯಾಗಿಯೇ ಇತ್ತು. 1268ರಿಂದ 1271ರವರೆಗೆ ಇಟಲಿಯ ವಿತೆರ್ಬೊ ಪಟ್ಟಣದಲ್ಲಿ ಕಾರ್ಡಿನಲ್‌ಗಳಿಗೆ ಒಮ್ಮತ ಮೂಡದೆ ಮೂರು ವರ್ಷದ ಹತ್ತಿರ ಪೀಠ ಖಾಲಿ ಬಿದ್ದಾಗಲೂ ಹಾಗೆಯೇ ಇತ್ತು.

ಹಾಗಾದರೆ ಧರ್ಮಸಭೆ ಎಂದರೆ ಏನು? ಅದರ ಅಧಿಕಾರ ಎಲ್ಲಿ ನೆಲೆಸಿದೆ, ಎಲ್ಲಿಗೆ ನಿಲ್ಲುತ್ತದೆ? ಕಥೋಲಿಕರಲ್ಲದವರು ಇದಕ್ಕೆ ಸಾಮಾನ್ಯವಾಗಿ ಒಂದೇ ಉತ್ತರ ಕೊಡುತ್ತಾರೆ: ರೋಮಿನಲ್ಲಿ ಒಬ್ಬರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಎಷ್ಟೋ ಕಥೋಲಿಕರ ಮನಸ್ಸಿನಲ್ಲಿಯೂ ಇದೇ ಚಿತ್ರವಿದೆ. ಈ ಚಿತ್ರ ಅರ್ಧ ಮಾತ್ರ ನಿಜ, ಮತ್ತು ಆ ಅರ್ಧಸತ್ಯ ಧರ್ಮಸಭೆಗೆ ಬಹಳ ಹಾನಿ ಮಾಡಿದೆ ಎಂಬುದು ನನ್ನ ದೃಢ ಅಭಿಪ್ರಾಯ. ಕಥೋಲಿಕ ಬೋಧನೆ ಅಧಿಕಾರವನ್ನು ಎಷ್ಟು ಗಟ್ಟಿಯಾಗಿ ಹೇಳುತ್ತದೋ ಅದಕ್ಕೆ ಹಾಕಿದ ಬೇಲಿಯನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತದೆ.

ಮೊದಲು ಪದವನ್ನೇ ನೋಡೋಣ. ಗ್ರೀಕಿನ ‘ಎಕ್ಲೇಸಿಯ’ ಎಂದರೆ ಕರೆಸಿಕೊಂಡು ಕೂಡಿದ ಜನ. ನಮ್ಮ ಕರಾವಳಿಯಲ್ಲಿ ಕಟ್ಟಡಕ್ಕೆ ಹೇಳುವ ‘ಇಗರ್ಜಿ’ ಪೋರ್ಚುಗೀಸಿನ ಮೂಲಕ ಅದೇ ಪದದಿಂದ ಬಂದದ್ದು. ಜನರ ಹೆಸರು ಗೋಡೆ ಗೋಪುರಗಳಿಗೆ ಅಂಟಿಕೊಂಡಿತು. ಕನ್ನಡದ ಕಥೋಲಿಕರು ಕಟ್ಟಡಕ್ಕೆ ‘ದೇವಾಲಯ’ ಎಂದೂ ಜನಸಮುದಾಯಕ್ಕೆ ‘ಧರ್ಮಸಭೆ’ ಎಂದೂ ಎರಡು ಪದ ಇಟ್ಟುಕೊಂಡರು. ದೇವಶಾಸ್ತ್ರದ ಹಲವು ಗೊಂದಲಗಳನ್ನು ಈ ಒಂದು ಬಳಕೆಯೇ ತಪ್ಪಿಸುತ್ತದೆ. ಸಭೆ ಎಂದಮೇಲೆ ಅಲ್ಲಿ ಕೂತವರು ಇರಲೇಬೇಕಲ್ಲ.

ಭಾನುವಾರದ ವಿಶ್ವಾಸ ಪ್ರಮಾಣದಲ್ಲಿ ಆ ಸಭೆಗೆ ನಾಲ್ಕು ವಿಶೇಷಣಗಳಿವೆ: ಏಕ, ಪವಿತ್ರ, ಕಥೋಲಿಕ, ಪ್ರೇಷಿತ. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಕಾಲದಿಂದ ಬಂದ ಈ ನಾಲ್ಕನ್ನು ಆರ್ಥಡಾಕ್ಸರೂ ಹೇಳುತ್ತಾರೆ, ಹಲವು ಪ್ರೊಟೆಸ್ಟೆಂಟರೂ ಹೇಳುತ್ತಾರೆ. ‘ಕಥೋಲಿಕ ಧರ್ಮಸಭೆ’ ಎಂಬ ಮಾತು ಇನ್ನೂ ಹಳೆಯದು. 2ನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಧರ್ಮಾಧ್ಯಕ್ಷ ಇಗ್ನೇಷಿಯಸ್ ಸೆರೆಯಾಳಾಗಿ ರೋಮಿಗೆ ಸಾಗುವಾಗ ಸ್ಮಿರ್ನದವರಿಗೆ ಬರೆದ ಕಾಗದದಲ್ಲಿ ಅದು ಮೊದಲ ಬಾರಿಗೆ ಕಾಣುತ್ತದೆ. ಅಲ್ಲಿ ‘ಕಥೋಲಿಕ’ ಎಂದರೆ ಸಮಗ್ರ, ಇಡಿಯಾದ ಎಂದು ಅರ್ಥ. ಒಂದು ಪಂಗಡದ ಹೆಸರಲ್ಲ. ಜಗಳ ಇರುವುದು ನಾಲ್ಕನೆಯ ವಿಶೇಷಣದಲ್ಲಿ. ಪ್ರೇಷಿತರಿಂದ ಬಂದದ್ದು ಎಂದರೆ ಅವರ ಬೋಧನೆಯಿಂದ ಮಾತ್ರವೆ, ಅಥವಾ ಅವರ ಸ್ಥಾನಕ್ಕೆ ಬಂದ ವ್ಯಕ್ತಿಗಳ ಸಾಲಿನಿಂದಲೂ ಹೌದೆ? ಎರಡೂ ಬೇಕು ಎಂಬುದು ಕಥೋಲಿಕ ಉತ್ತರ. ಸುಮಾರು 180ರಲ್ಲಿ ಲಿಯೋನ್ಸಿನ ಇರೆನೇಯಸ್, ಗುಟ್ಟಿನ ಜ್ಞಾನ ತಮ್ಮಲ್ಲಿದೆ ಎಂದು ಹೇಳಿಕೊಳ್ಳುತ್ತಿದ್ದವರಿಗೆ ಉತ್ತರವಾಗಿ ರೋಮಿನ ಧರ್ಮಾಧ್ಯಕ್ಷರ ಹೆಸರುಗಳನ್ನು ಸಾಲಾಗಿ ಪಟ್ಟಿ ಮಾಡಿಟ್ಟ. ಬೋಧನೆ ಬಹಿರಂಗವಾಗಿ, ಕೈಯಿಂದ ಕೈಗೆ ಬಂದಿದೆ ಎನ್ನುವುದು ಅವನ ವಾದ. ಗುರುಪರಂಪರೆ ಬಲ್ಲ ನಮ್ಮ ನಾಡಿನವರಿಗೆ ಇದು ಹೊಸದಲ್ಲ. ಒಂದು ವ್ಯತ್ಯಾಸವಿದೆ: ಇಲ್ಲಿ ಒಬ್ಬ ಗುರು ಒಬ್ಬ ಉತ್ತರಾಧಿಕಾರಿಯನ್ನು ನೇಮಿಸಿ ಹೋಗುವುದಿಲ್ಲ. ಕನಿಷ್ಠ ಮೂವರು ಧರ್ಮಾಧ್ಯಕ್ಷರು ಕೂಡಿ ಹೊಸಬನ ಅಭಿಷೇಕ ಮಾಡಬೇಕೆಂದು 325ರ ನೈಸಿಯ ಮಹಾಸಭೆ ಗೊತ್ತುಮಾಡಿತು. ಅಧಿಕಾರ ಒಂದು ಬಳಗದೊಳಗಿನಿಂದ ಬರುತ್ತದೆ.

ಇನ್ನು ಕೀಲಿಕೈ. ಮತ್ತಾಯನ ಶುಭಸಂದೇಶದ 16ನೆಯ ಅಧ್ಯಾಯದಲ್ಲಿ ಯೇಸು ಸಿಮೋನನಿಗೆ ಬಂಡೆ ಎಂದು ಹೆಸರಿಟ್ಟು, ಆ ಬಂಡೆಯ ಮೇಲೆ ತನ್ನ ಸಭೆಯನ್ನು ಕಟ್ಟುವುದಾಗಿ ಹೇಳಿ, ಸ್ವರ್ಗರಾಜ್ಯದ ಕೀಲಿಗಳನ್ನು ಕೊಡುವ ಮಾತಾಡುತ್ತಾನೆ. ಅದರ ಹಿಂದೆ ಯೆಶಾಯನ ಗ್ರಂಥದ ಒಂದು ಪ್ರಸಂಗವಿದೆ. ದಾವೀದನ ಅರಮನೆಯ ಪಾರುಪತ್ಯಗಾರನನ್ನು ಇಳಿಸಿ ಎಲ್ಯಾಕೀಮನೆಂಬವನ ಹೆಗಲಿಗೆ ಬೀಗದ ಕೈ ಏರಿಸುವ ಕಥೆ. ಬೀಗದ ಕೈ ಹಿಡಿದವನು ಮನೆಯ ಯಜಮಾನನಲ್ಲ. ಯಜಮಾನನ ಪರವಾಗಿ ಬಾಗಿಲು ತೆಗೆಯುವವನು, ಮುಚ್ಚುವವನು. ಪೇತ್ರನಿಗೆ ಈ ಮಾತು ಸಿಕ್ಕ ಕೆಲವೇ ಸಾಲುಗಳ ಬಳಿಕ ಅವನೇ ಯೇಸುವಿನಿಂದ ಸೈತಾನ ಎಂದು ಬೈಸಿಕೊಳ್ಳುತ್ತಾನೆ. ಮುಂದೆ ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದವರ ಪಂಕ್ತಿಯಿಂದ ಅವನು ಹಿಂದೆ ಸರಿದಾಗ ಪೌಲ ಅವನನ್ನು ಎದುರಿಗೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಪೇತ್ರನ ಸ್ಥಾನವನ್ನು ಎತ್ತಿಹಿಡಿಯುವ ಗ್ರಂಥವೇ ಅವನ ತಪ್ಪನ್ನೂ ಮುಚ್ಚಿಡದೆ ಬರೆದಿಟ್ಟಿದೆ. ಈ ಎರಡು ಪುಟಗಳಲ್ಲಿ ಒಂದನ್ನು ಮಾತ್ರ ಓದುವುದೇ ಮುಂದಿನ ಎಲ್ಲ ತಂಟೆಗಳ ಮೂಲ.

ಅಧಿಕಾರಿಯ ತಪ್ಪಿಗೂ ಅಧಿಕಾರಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಉತ್ತರ ಆಫ್ರಿಕದಲ್ಲಿ ಗಂಭೀರವಾಗಿ ಎದ್ದಿತು. ಚಕ್ರವರ್ತಿಯ ಹಿಂಸೆಗೆ ಹೆದರಿ ಪವಿತ್ರ ಗ್ರಂಥಗಳನ್ನು ಒಪ್ಪಿಸಿದ ಗುರುಗಳು ಮಾಡಿದ ಸಂಸ್ಕಾರ ನಿಜವಾದದ್ದೇ? ಅಲ್ಲ ಎಂದರು ಡೋನಾಟಸನ ಕಡೆಯವರು. ಹೌದು ಎಂದ ಸಂತ ಅಗಸ್ಟೀನ್: ಸಂಸ್ಕಾರ ಕ್ರಿಸ್ತನದು, ಕೊಡುವ ಕೈ ಕೊಳೆಯಾದರೂ ಕೊಟ್ಟದ್ದು ಕೊಳೆಯಾಗದು. 411ರಲ್ಲಿ ಕಾರ್ಥೇಜಿನಲ್ಲಿ ಎರಡೂ ಕಡೆಯ ನೂರಾರು ಧರ್ಮಾಧ್ಯಕ್ಷರು ಎದುರುಬದುರು ಕೂತು ವಾದಿಸಿದರು. ಅಗಸ್ಟೀನನ ನಿಲುವೇ ಕಥೋಲಿಕ ನಿಲುವಾಯಿತು, ಮತ್ತು ಅದು ಸರಿಯಾದದ್ದೇ. ಇಲ್ಲದಿದ್ದರೆ ಪ್ರತಿ ಭಕ್ತನೂ ಗುರುವಿನ ಅಂತರಂಗವನ್ನು ಅಳೆಯುತ್ತ ಕೂರಬೇಕಾಗುತ್ತಿತ್ತು. ಆದರೆ ಸಂಸ್ಕಾರದ ಬಗ್ಗೆ ಹೇಳಿದ ಮಾತನ್ನು ಆಡಳಿತಕ್ಕೆ ಎಳೆದು ತಂದದ್ದು ದೊಡ್ಡ ಅಪರಾಧ. 2002ರಲ್ಲಿ ಬಾಸ್ಟನ್ನಿನಲ್ಲಿ, ಆಮೇಲೆ ದೇಶದಿಂದ ದೇಶಕ್ಕೆ ಬಯಲಾದ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ ಜನರನ್ನು ಹೆಚ್ಚು ನೋಯಿಸಿದ್ದು ಮುಚ್ಚಿಹಾಕಿದ ರೀತಿ. ಗುರುಪಟ್ಟದ ಗೌರವ ಉಳಿಸುವ ನೆಪದಲ್ಲಿ ಮಕ್ಕಳನ್ನು ಬಲಿಕೊಟ್ಟರು. ಅಗಸ್ಟೀನ್ ಇದಕ್ಕೆ ಅನುಮತಿ ಕೊಟ್ಟಿರಲಿಲ್ಲ, ಯಾವ ಮಹಾಸಭೆಯೂ ಕೊಟ್ಟಿಲ್ಲ. 2019ರಲ್ಲಿ ಫ್ರಾನ್ಸಿಸ್ ಹೊರಡಿಸಿದ ನಿಯಮ, ಇಂಥ ದೂರನ್ನು ವರದಿ ಮಾಡುವುದನ್ನು ಗುರುಗಳಿಗೂ ಸನ್ಯಾಸಿಗಳಿಗೂ ಕಡ್ಡಾಯ ಮಾಡಿತು, ಮುಚ್ಚಿಹಾಕಿದ ಧರ್ಮಾಧ್ಯಕ್ಷರನ್ನೂ ವಿಚಾರಣೆಗೆ ಒಳಪಡಿಸಿತು. ಬಹಳ ತಡವಾಗಿ ಬಂದ ನಿಯಮ ಅದು.

ಮಧ್ಯಯುಗವನ್ನು ಬೇಗ ದಾಟೋಣ. 1054ರಲ್ಲಿ ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ಪರಸ್ಪರ ಬಹಿಷ್ಕಾರ ಹಾಕಿಕೊಂಡವು. 1302ರಲ್ಲಿ ಎಂಟನೆಯ ಬೋನಿಫೇಸ್ ರಾಜರ ಕತ್ತಿಯೂ ಪೋಪರ ಅಧೀನ ಎಂದು ಸಾರಿದರು. 1378ರ ಬಳಿಕ ಇಬ್ಬರು, ಕೊನೆಗೆ ಮೂವರು, ತಾವೇ ಪೋಪ್ ಎಂದರು. ಆ ಗಂಟನ್ನು ಬಿಡಿಸಿದ್ದು 1414ರಲ್ಲಿ ಸೇರಿದ ಕಾನ್‌ಸ್ಟಾನ್ಸ್ ಮಹಾಸಭೆ. 1417ರಲ್ಲಿ ಎಲ್ಲರೂ ಒಪ್ಪುವ ಐದನೆಯ ಮಾರ್ಟಿನ್ ಆಯ್ಕೆಯಾದರು. ಪೋಪ್ ಮೇಲೋ ಮಹಾಸಭೆ ಮೇಲೋ ಎಂಬ ಚರ್ಚೆಯನ್ನು ಅದು ಮುಗಿಸಲಿಲ್ಲ. ನಾಲ್ಕೂವರೆ ಶತಮಾನ ಆ ಕೆಂಡ ಬೂದಿಯೊಳಗಿತ್ತು.

ಅದು ಹೊರಬಿದ್ದದ್ದು 1870ರ ರೋಮಿನಲ್ಲಿ. ಒಂಬತ್ತನೆಯ ಪಯಸ್ ಕರೆದ ಮೊದಲನೆಯ ವ್ಯಾಟಿಕನ್ ಮಹಾಸಭೆ ಪೋಪರ ಅಧಿಕಾರದ ಕುರಿತ ಕರಡಿನ ಮೇಲೆ ಜುಲೈ 13ರಂದು ಪೂರ್ವಭಾವಿ ಮತಕ್ಕೆ ಕೂತಾಗ 451 ಮಂದಿ ಒಪ್ಪಿದರು, 88 ಮಂದಿ ಬೇಡವೆಂದರು, 62 ಮಂದಿ ತಿದ್ದುಪಡಿ ಕೇಳಿದರು. ವಿರೋಧವಿದ್ದ ಹಲವರು ಪೋಪರ ಎದುರು ಬೇಡ ಎನ್ನಲು ಮನಸ್ಸಾಗದೆ ಊರಿಗೆ ಹೊರಟುಹೋದರು. ಜುಲೈ 18ರಂದು ಅಂತಿಮ ಮತ. ಸಂತ ಪೇತ್ರರ ಮಹಾದೇವಾಲಯದ ಒಳಗೆ ಒಬ್ಬೊಬ್ಬರ ಹೆಸರು ಕೂಗುತ್ತಿದ್ದಂತೆ ಹೊರಗೆ ಗುಡುಗು ಮಿಂಚು ಶುರುವಾಯಿತು. ಒಳಗೆ ಎಷ್ಟು ಕತ್ತಲಾಯಿತೆಂದರೆ ಪಯಸ್ ತೀರ್ಮಾನ ಓದಲು ಮೇಣದಬತ್ತಿ ತರಬೇಕಾಯಿತು. 533 ಮಂದಿ ಒಪ್ಪಿದರು. ಬೇಡ ಎಂದವರು ಇಬ್ಬರೇ: ಇಟಲಿಯ ರಿಚ್ಚಿಯೊ ಮತ್ತು ಅಮೆರಿಕದ ಲಿಟಲ್ ರಾಕಿನ ಫಿಟ್ಜ್‌ಜೆರಾಲ್ಡ್. ತೀರ್ಮಾನ ಘೋಷಣೆಯಾದ ಕೂಡಲೇ ಇಬ್ಬರೂ ತಲೆಬಾಗಿದರು. ಮರುದಿನವೇ ಫ್ರಾನ್ಸ್ ಮತ್ತು ಪ್ರಷ್ಯದ ನಡುವೆ ಯುದ್ಧ ಶುರುವಾಯಿತು. ಸೆಪ್ಟೆಂಬರ್ 20ಕ್ಕೆ ಇಟಲಿಯ ಸೈನ್ಯ ರೋಮನ್ನು ಹಿಡಿಯಿತು. ಮಹಾಸಭೆ ಅರ್ಧಕ್ಕೆ ನಿಂತಿತು. ಧರ್ಮಾಧ್ಯಕ್ಷರ ಸ್ಥಾನಮಾನದ ಬಗ್ಗೆ ಹೇಳಬೇಕಿದ್ದುದೆಲ್ಲ ಹಾಗೆಯೇ ಉಳಿಯಿತು.

ಅಂದು ತೀರ್ಮಾನವಾದದ್ದು ಏನು? ಪೋಪ್ ಪಾಪ ಮಾಡುವುದಿಲ್ಲ ಎಂದಲ್ಲ, ಆಡಿದ್ದೆಲ್ಲ ನಿಜ ಎಂದೂ ಅಲ್ಲ. ಎಲ್ಲ ಕ್ರೈಸ್ತರ ಪಾಲಕನಾಗಿ, ತನ್ನ ಪರಮಾಧಿಕಾರ ಬಳಸಿ, ವಿಶ್ವಾಸ ಇಲ್ಲವೆ ನೀತಿಯ ಬೋಧನೆಯೊಂದನ್ನು ಇಡೀ ಧರ್ಮಸಭೆ ಹಿಡಿದುಕೊಳ್ಳಬೇಕೆಂದು ಕಡೆಯ ಮಾತಾಗಿ ಘೋಷಿಸಿದಾಗ ಮಾತ್ರ ದೇವರ ನೆರವಿನಿಂದ ಆ ಘೋಷಣೆ ತಪ್ಪಾಗದು. ಹೊಸ ಬೋಧನೆ ಹುಟ್ಟಿಸಲು ಈ ನೆರವು ಇಲ್ಲ, ಪ್ರೇಷಿತರಿಂದ ಬಂದದ್ದನ್ನು ಕಾಯಲು ಮಾತ್ರ ಎಂದು ಅದೇ ದಸ್ತಾವೇಜು ಹೇಳುತ್ತದೆ. 1870ರಿಂದ ಇಂದಿನವರೆಗೆ ಈ ಅಧಿಕಾರ ಬಳಕೆಯಾದದ್ದು ಒಂದೇ ಸಲ: 1950ರ ನವೆಂಬರ್ 1ರಂದು, ಮಾತೆ ಮರಿಯಳು ದೇಹಾತ್ಮಗಳೊಡನೆ ಸ್ವರ್ಗಕ್ಕೆ ಏರಿಸಲ್ಪಟ್ಟಳೆಂದು ಹನ್ನೆರಡನೆಯ ಪಯಸ್ ಘೋಷಿಸಿದಾಗ. ಅದಕ್ಕೂ ಮೊದಲು ಅವರು ಲೋಕದ ಧರ್ಮಾಧ್ಯಕ್ಷರಿಗೆಲ್ಲ ಕಾಗದ ಬರೆದು, ನಿಮ್ಮ ಜನರ ವಿಶ್ವಾಸ ಏನೆಂದು ಕೇಳಿದ್ದರು.

ದಿನನಿತ್ಯದ ಲೆಕ್ಕದಲ್ಲಿ 1870ರ ಇನ್ನೊಂದು ತೀರ್ಮಾನವೇ ಭಾರವಾದದ್ದು: ಪೋಪರಿಗೆ ಎಲ್ಲ ಧರ್ಮಪ್ರಾಂತ್ಯಗಳ ಮೇಲೂ ಪೂರ್ಣವಾದ, ನೇರವಾದ ಅಧಿಕಾರವಿದೆ ಎಂಬುದು. ಹಾಗಾದರೆ ಧರ್ಮಾಧ್ಯಕ್ಷರು ಪೋಪರ ಗುಮಾಸ್ತರೇ ಎಂದು ಜರ್ಮನಿಯ ಬಿಸ್ಮಾರ್ಕ್ ಸರ್ಕಾರ ಕೇಳಿತು. ಅಲ್ಲ, ನಮ್ಮ ಅಧಿಕಾರವೂ ಕ್ರಿಸ್ತನಿಂದಲೇ ಬಂದದ್ದು, ಪೋಪ್ ಅದನ್ನು ಕಿತ್ತುಕೊಳ್ಳಲಾರರು ಎಂದು ಜರ್ಮನ್ ಧರ್ಮಾಧ್ಯಕ್ಷರು 1875ರಲ್ಲಿ ಉತ್ತರ ಕೊಟ್ಟರು. ಒಂಬತ್ತನೆಯ ಪಯಸ್ ಆ ಉತ್ತರವನ್ನು ಸ್ವತಃ ಅನುಮೋದಿಸಿದರು. ಇದನ್ನು ಹೊರಗಿನವರಿರಲಿ, ನಮ್ಮ ಧರ್ಮಶಿಕ್ಷಣ ತರಗತಿಗಳೂ ಹೇಳಿಕೊಡುವುದು ಅಪರೂಪ.

ಅರ್ಧಕ್ಕೆ ನಿಂತ ಮಾತು ಮುಂದುವರಿಯಲು 92 ವರ್ಷ ಬೇಕಾಯಿತು. 1962ರ ಅಕ್ಟೋಬರ್ 11ರಂದು ಇಪ್ಪತ್ತಮೂರನೆಯ ಜಾನ್ ಎರಡನೆಯ ವ್ಯಾಟಿಕನ್ ಮಹಾಸಭೆಯನ್ನು ಆರಂಭಿಸಿದರು. ಡಿಸೆಂಬರ್ 1ರಂದು ಧರ್ಮಸಭೆಯ ಕುರಿತ ಮೊದಲ ಕರಡು ಸಭೆಗೆ ಬಂತು. ಬೆಲ್ಜಿಯಂನ ಬ್ರೂಜ್ ಪಟ್ಟಣದ ಧರ್ಮಾಧ್ಯಕ್ಷ ಡಿ ಸ್ಮೆಟ್ ಎದ್ದು ನಿಂತು ಅದರಲ್ಲಿ ಮೂರು ರೋಗಗಳಿವೆ ಎಂದರು: ಗೆದ್ದವರ ಗತ್ತು, ಗುರುಗಳದೇ ಎಲ್ಲ ಎಂಬ ಮನೋಭಾವ, ಕಾನೂನಿನ ಕಣ್ಣಿನಿಂದಲೇ ಎಲ್ಲವನ್ನೂ ನೋಡುವ ಚಾಳಿ. ಕರಡು ಹಿಂದಕ್ಕೆ ಹೋಯಿತು. ಹೊಸದಾಗಿ ಬರೆದಾಗ ಬೆಲ್ಜಿಯಂನವರೇ ಆದ ಕಾರ್ಡಿನಲ್ ಸ್ಯೂನೆನ್ಸ್ ಅಧ್ಯಾಯಗಳ ಕ್ರಮ ಬದಲಿಸಲು ಸೂಚಿಸಿದರು. ಮೊದಲು ಧರ್ಮಸಭೆಯೆಂಬ ರಹಸ್ಯ, ಎರಡನೆಯದಾಗಿ ದೇವಜನ, ಮೂರನೆಯದಾಗಿ ಪೋಪರೂ ಧರ್ಮಾಧ್ಯಕ್ಷರೂ. ಕೇಳಲು ಇದು ಪುಟ ಹೊಂದಿಸುವ ಕೆಲಸದಂತೆ ಕಾಣಬಹುದು. ಆದರೆ ಇಡೀ ಮಹಾಸಭೆಯ ಅತಿ ದೊಡ್ಡ ನಿರ್ಧಾರ ಇದೇ ಎಂದು ನಾನು ತಿಳಿದಿದ್ದೇನೆ. ಪೋಪನಾಗಲಿ ಬೆಟ್ಟಂಪಾಡಿಯ ಅಜ್ಜಿಯಾಗಲಿ, ಎಲ್ಲರೂ ಮೊದಲು ದೀಕ್ಷಾಸ್ನಾನ ಪಡೆದವರು. ಸ್ಥಾನಗಳು ಆಮೇಲೆ ಬರುತ್ತವೆ, ಆ ಜನರ ಸೇವೆಗಾಗಿ ಬರುತ್ತವೆ. ‘ಲೂಮೆನ್ ಜೆನ್ಸಿಯುಮ್’ ಎಂಬ ಈ ದಸ್ತಾವೇಜು 1964ರ ನವೆಂಬರ್ 21ರಂದು 2151 ಮತಗಳಿಂದ ಅಂಗೀಕಾರವಾಯಿತು. ವಿರೋಧ ಬಂದದ್ದು ಐದೇ ಮತ.

ಅದರೊಳಗೆ 1870ರ ಒಂದು ಅಕ್ಷರವನ್ನೂ ಅಳಿಸಿಲ್ಲ. ಅದರ ಪಕ್ಕದಲ್ಲಿ ಮೂರು ಮಾತುಗಳನ್ನು ನಿಲ್ಲಿಸಲಾಯಿತು. ಪೋಪರೊಡನೆ ಕೂಡಿದ ಧರ್ಮಾಧ್ಯಕ್ಷರ ಬಳಗಕ್ಕೂ ಇಡೀ ಧರ್ಮಸಭೆಯ ಮೇಲೆ ಪರಮಾಧಿಕಾರವಿದೆ. ಧರ್ಮಾಧ್ಯಕ್ಷರಿಂದ ಹಿಡಿದು ಕಡೆಯ ಶ್ರೀಸಾಮಾನ್ಯನವರೆಗೆ ವಿಶ್ವಾಸಿಗಳೆಲ್ಲ ಒಮ್ಮತದಿಂದ ಹಿಡಿದುಕೊಂಡ ವಿಶ್ವಾಸ ತಪ್ಪಾಗಲಾರದು. ಮೂರನೆಯದು ಒಂದು ಕ್ರಿಯಾಪದದ ಬದಲಾವಣೆ. ಕ್ರಿಸ್ತನ ಧರ್ಮಸಭೆ ಎಂದರೆ ಕಥೋಲಿಕ ಧರ್ಮಸಭೆಯೇ ‘ಆಗಿದೆ’ ಎಂದಿದ್ದ ಜಾಗದಲ್ಲಿ ಅದು ಕಥೋಲಿಕ ಧರ್ಮಸಭೆಯಲ್ಲಿ ‘ನೆಲೆಗೊಂಡಿದೆ’ ಎಂದು ಬರೆದರು. ಅದರ ಹೊರಗೂ ಪಾವಿತ್ರ್ಯ ಮತ್ತು ಸತ್ಯದ ಅಂಶಗಳಿವೆ ಎಂದು ಒಪ್ಪಿಕೊಳ್ಳಲು ಇದರಿಂದ ದಾರಿಯಾಯಿತು. ಕೆಲವರು ಇದನ್ನು ಶರಣಾಗತಿ ಎಂದರು, ಕೆಲವರು ಪದಚಮತ್ಕಾರ ಎಂದರು. ಎರಡೂ ಅಲ್ಲ. ಆರ್ಥಡಾಕ್ಸರ ಪರಮಪ್ರಸಾದ ನಿಜವಾದ ಪರಮಪ್ರಸಾದ ಎಂದು ರೋಮ್ ಹಿಂದಿನಿಂದಲೂ ಒಪ್ಪಿತ್ತು. ಈಗ ಮಾತು ಅದಕ್ಕೆ ತಕ್ಕಂತೆ ಬಂತು. ಧರ್ಮಸಭೆಯ ಹೊರಗೆ ರಕ್ಷಣೆಯಿಲ್ಲ ಎಂಬ ಸೂತ್ರವನ್ನು ಅಕ್ಷರಶಃ ಹಿಡಿದು ಬೋಧಿಸುತ್ತಿದ್ದ ಬಾಸ್ಟನ್ನಿನ ಗುರು ಲೆನರ್ಡ್ ಫೀನಿಯ ವಾದವನ್ನು ರೋಮ್ 1949ರಲ್ಲೇ ತಿರಸ್ಕರಿಸಿತ್ತು. ಅತಿ ಕಟ್ಟುನಿಟ್ಟಾಗಿ ಆ ಸೂತ್ರ ಹಿಡಿದವನೇ ರೋಮಿಗೆ ಬರಲು ಒಪ್ಪದೆ 1953ರಲ್ಲಿ ಬಹಿಷ್ಕೃತನಾದ.

ಬೋಧನೆಯಲ್ಲಿ ಶ್ರೇಣಿಗಳಿವೆ ಎಂಬುದನ್ನೂ ಓದುಗರು ತಿಳಿದಿರಬೇಕು. ದೇವರು ಪ್ರಕಟಿಸಿದ್ದೆಂದು ಘೋಷಿಸಿದ ಸತ್ಯಕ್ಕೆ ವಿಶ್ವಾಸವೇ ಉತ್ತರ. ಕಡೆಯ ತೀರ್ಮಾನವಲ್ಲದ ಬೋಧನೆಗೆ ಬೇಕಾದದ್ದು ಬುದ್ಧಿ ಮನಸ್ಸುಗಳ ಗೌರವಪೂರ್ಣ ಸಮ್ಮತಿ. ಅದರಲ್ಲಿ ತಿದ್ದುಪಡಿಗೆ ಎಡೆಯಿದೆ. ಕೃತಕ ಸಂತಾನನಿಯಂತ್ರಣ ಸಲ್ಲದೆಂದು ಆರನೆಯ ಪೌಲ್ 1968ರ ಜುಲೈ 25ರಂದು ಬರೆದ ‘ಹ್ಯುಮಾನೆ ವಿತೆ’ ಎರಡನೆಯ ಬಗೆಯದು ಎಂದು ಅದನ್ನು ಬಿಡುಗಡೆ ಮಾಡಿದ ಪತ್ರಿಕಾಗೋಷ್ಠಿಯಲ್ಲೇ ಸೂಚಿಸಲಾಗಿತ್ತು. ಆದರೂ ಎಷ್ಟೋ ದಂಪತಿಗಳು ಅದನ್ನು ಒಪ್ಪಲಾರದೆ, ಧರ್ಮಸಭೆಯನ್ನು ಬಿಡಲಾರದೆ ಒಳಗೊಳಗೇ ನೊಂದರು. ಅಧಿಕಾರ ಮಾತಾಡಿತು, ಜನರ ವಿಶ್ವಾಸಪ್ರಜ್ಞೆ ಅದನ್ನು ಸ್ವೀಕರಿಸಲಿಲ್ಲ. ಈ ಎರಡರ ನಡುವೆ ಕೂತು ಮಾತಾಡುವ ಜಗಲಿ ಎಲ್ಲಿದೆ? ಇಂಗ್ಲೆಂಡಿನ ಗುರು ನ್ಯೂಮನ್ 1859ರಲ್ಲೇ ಇದನ್ನು ಎತ್ತಿದ್ದ. 4ನೆಯ ಶತಮಾನದಲ್ಲಿ ಹಲವು ಧರ್ಮಾಧ್ಯಕ್ಷರು ಆರಿಯಸನ ವಾದಕ್ಕೆ ಜಾರಿದಾಗ ಕ್ರಿಸ್ತನ ದೈವತ್ವವನ್ನು ಬಿಡದೆ ಹಿಡಿದದ್ದು ಸಾಮಾನ್ಯ ಭಕ್ತರು ಎಂದು ತೋರಿಸಿದ. ಅದಕ್ಕಾಗಿ ರೋಮಿಗೆ ಅವನ ಮೇಲೆ ದೂರು ಹೋಯಿತು. 2019ರಲ್ಲಿ ಅದೇ ರೋಮ್ ಅವನನ್ನು ಸಂತನೆಂದು ಘೋಷಿಸಿತು.

ಭಾರತದಲ್ಲಿ ಈ ಪ್ರಶ್ನೆ ಪುಸ್ತಕದ್ದಾಗಿ ಉಳಿದಿಲ್ಲ. 1599ರ ಉದಯಂಪೇರೂರು ಸಿನೋಡಿನಲ್ಲಿ, ಅಂದರೆ ಧರ್ಮಸಭೆಯ ಸಮಾಲೋಚನಾ ಸಭೆಯಲ್ಲಿ, ಗೋವೆಯ ಆರ್ಚ್‌ಬಿಷಪ್ ಮೆನೆಜೆಸ್ ಕೇರಳದ ತೋಮಾ ಕ್ರೈಸ್ತರ ಮೇಲೆ ಲ್ಯಾಟಿನ್ ಪದ್ಧತಿಗಳನ್ನು ಹೇರಿದರು. 1653ರ ಜನವರಿ 3ರಂದು ಮಟ್ಟಾಂಚೇರಿಯಲ್ಲಿ ಆ ಜನ ಶಿಲುಬೆಗೆ ಹಗ್ಗ ಕಟ್ಟಿ ಹಿಡಿದು, ಆ ಅಧಿಕಾರಕ್ಕೆ ಇನ್ನು ಮಣಿಯೆವೆಂದು ಪ್ರತಿಜ್ಞೆ ಮಾಡಿದರು. ಅಂದು ಒಡೆದದ್ದು ಇಂದಿಗೂ ಕೂಡಿಲ್ಲ. ನಮ್ಮ ಕೆನರಾ ಜಿಲ್ಲೆಯಲ್ಲಿ 1838ರ ಬಳಿಕ, ಗೋವೆಯ ಆರ್ಚ್‌ಬಿಷಪರ ಮಾತು ಕೇಳಬೇಕೋ ರೋಮ್ ನೇಮಿಸಿದ ವರಾಪುಳದ ಅಧಿಕಾರಿಯ ಮಾತು ಕೇಳಬೇಕೋ ಎಂದು ಇಗರ್ಜಿಗಳು ಎರಡು ಪಕ್ಷವಾದವು. ವಿಶ್ವಾಸ ಒಂದೇ, ಸಂಸ್ಕಾರ ಒಂದೇ. ಜಗಳ ಯಾರ ಆಜ್ಞೆ ನಡೆಯಬೇಕು ಎಂಬುದರ ಮೇಲೆ. ಅಧಿಕಾರದ ದಾಹಕ್ಕೆ ದೇವಶಾಸ್ತ್ರದ ನೆಪವೂ ಬೇಕಿಲ್ಲ ಎಂಬುದಕ್ಕೆ ಇದು ನಮ್ಮ ನೆಲದ್ದೇ ಸಾಕ್ಷಿ.

ಒಳ್ಳೆಯ ಮಾತೂ ಇದೆ. ಕಥೋಲಿಕ ಧರ್ಮಸಭೆ ಎಂದರೆ 24 ಸ್ವಾಯತ್ತ ಧರ್ಮಸಭೆಗಳ ಒಕ್ಕೂಟ. ಲ್ಯಾಟಿನ್ ಅವುಗಳಲ್ಲಿ ಒಂದು, ಉಳಿದ 23 ಪೌರಸ್ತ್ಯ. ಮಂಗಳೂರಿನ ಲ್ಯಾಟಿನ್ ಧರ್ಮಾಧ್ಯಕ್ಷರನ್ನು ಪೋಪ್ ನೇಮಿಸುತ್ತಾರೆ. ಸಿರೋ ಮಲಬಾರ್ ಧರ್ಮಸಭೆಯ ಮೇಜರ್ ಆರ್ಚ್‌ಬಿಷಪರನ್ನು ಅದರದೇ ಸಿನೋಡ್ ಆರಿಸುತ್ತದೆ, ರೋಮ್ ದೃಢೀಕರಿಸುತ್ತದೆ. ಆ ಧರ್ಮಸಭೆಗೆ ಬೆಳ್ತಂಗಡಿ, ಭದ್ರಾವತಿ, ಮಂಡ್ಯಗಳಲ್ಲಿ ಧರ್ಮಪ್ರಾಂತ್ಯಗಳಿವೆ. ಒಂದೇ ಜಿಲ್ಲೆಯಲ್ಲಿ ಎರಡು ಪದ್ಧತಿಯ ಪೂಜೆ, ಎರಡು ಬಗೆಯ ಆಡಳಿತ, ಒಂದೇ ಧರ್ಮಸಭೆ. ಏಕತೆ ಎಂದರೆ ಏಕರೂಪವಲ್ಲ ಎಂಬುದನ್ನು ಕಾಣಲು ನಾವು ರೋಮಿಗೆ ಹೋಗಬೇಕಾಗಿಲ್ಲ.

ಈಗ ಸದ್ಯದ ಘಟ್ಟ. 2021ರಲ್ಲಿ ಫ್ರಾನ್ಸಿಸ್ ಲೋಕದ ಎಲ್ಲ ಧರ್ಮಪ್ರಾಂತ್ಯಗಳಲ್ಲೂ ಜನರ ಮಾತು ಕೇಳಿಸಿಕೊಳ್ಳಲು ಕರೆಕೊಟ್ಟರು. 2023 ಮತ್ತು 2024ರ ಅಕ್ಟೋಬರ್‌ನಲ್ಲಿ ರೋಮಿನಲ್ಲಿ ಸಿನೋಡ್ ಸೇರಿತು. ವೇದಿಕೆಗೆ ಮುಖಮಾಡಿದ ಸಾಲುಗಳಿಲ್ಲ. ಕಾರ್ಡಿನಲ್, ಸನ್ಯಾಸಿನಿ, ಗೃಹಸ್ಥ ಎಲ್ಲರೂ ದುಂಡು ಮೇಜುಗಳ ಸುತ್ತ ಕೂತರು. ಸಿನೋಡಿನಲ್ಲಿ ಮಹಿಳೆಯರು ಮತ ಹಾಕಿದ್ದು ಅದೇ ಮೊದಲು. 2024ರ ಅಕ್ಟೋಬರ್ 26ರಂದು ಅಂತಿಮ ದಸ್ತಾವೇಜು ಅಂಗೀಕಾರವಾದಾಗ ಫ್ರಾನ್ಸಿಸ್, ತಾನು ಬೇರೆ ಪತ್ರ ಬರೆಯುವುದಿಲ್ಲ, ಇದೇ ಸಾಕು ಎಂದು ಅದಕ್ಕೆ ಒಪ್ಪಿಗೆ ಕೊಟ್ಟರು. ಕೀಲಿಕೈ ಹಿಡಿದವರು ಮನೆಯವರ ಮಾತಿಗೆ ಸಹಿ ಹಾಕಿದ ಗಳಿಗೆ ಅದು. ಸ್ತ್ರೀಯರ ಸ್ಥಾನದ ಬಗ್ಗೆ ಅಲ್ಲಿ ಉತ್ತರ ಸಿಗಲಿಲ್ಲ ಎಂಬ ಕೊರಗು ನ್ಯಾಯವಾದದ್ದೇ. ಆದರೂ ದಾರಿ ತೆರೆದಿದೆ.

ಆ ದಸ್ತಾವೇಜಿನ ಒಂದು ಒತ್ತಾಯ ನೇರವಾಗಿ ನಮ್ಮ ಊರಿಗೆ ಸಂಬಂಧಿಸಿದ್ದು. 1983ರ ಧರ್ಮಸಭಾ ಕಾನೂನಿನಂತೆ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ಚರ್ಚ್ ಪಾಲನಾ ಮಂಡಳಿ ಮಾತ್ರ ಧರ್ಮಾಧ್ಯಕ್ಷರಿಗೆ ಸೂಕ್ತವೆಂದು ಕಂಡರೆ ಇದ್ದರೆ ಸಾಕು, ಅದರದು ಸಲಹೆಯ ಮಾತು ಮಾತ್ರ. ಪಾಲನಾ ಮಂಡಳಿಯನ್ನೂ ಕಡ್ಡಾಯ ಮಾಡಬೇಕೆಂದು 2024ರ ಸಿನೋಡ್ ಕೇಳಿದೆ. ನಿಮ್ಮ ಧರ್ಮಕೇಂದ್ರದಲ್ಲಿ ಅಂಥ ಮಂಡಳಿ ಇದೆಯೇ, ವರ್ಷಕ್ಕೆ ಎಷ್ಟು ಸಲ ಸೇರುತ್ತದೆ, ಅಲ್ಲಿ ಆದ ಮಾತು ಜನರಿಗೆ ತಿಳಿಯುತ್ತದೆಯೇ ಎಂದು ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ದಯವಿಟ್ಟು ಕೇಳಿ. ಇಲ್ಲವೆಂದಾದರೆ ನಾಲ್ಕು ಜನ ಸೇರಿ ಗುರುಗಳಿಗೂ ಧರ್ಮಾಧ್ಯಕ್ಷರಿಗೂ ಬರೆಯಿರಿ. ತಮ್ಮ ಬೇಕುಬೇಡಗಳನ್ನು ಪಾಲಕರಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು ಎಂದು ಅದೇ ಕಾನೂನಿನ 212ನೆಯ ನಿಯಮ ಹೇಳುತ್ತದೆ.